ಓರ್ಕಾ ನೋಡಲು ಹೋಗುವ ಮುಂಚೆ: ಕ್ಯಾಲಿಫೋರ್ನಿಯಾದ ಕನ್ನಡ ಅಪ್ಪ ಅಮ್ಮಂದಿರಿಗೆ

ಎರಡನೇ ಕ್ಲಾಸಿನ ಮಗಳ ಬ್ಯಾಗಿನಿಂದ ಒಂದು ಹಳದಿ ಚೀಟಿ ಹೊರಗೆ ಬಂತು. ಸ್ಯಾನ್ ಡಿಯೇಗೊದ ಸೀವರ್ಲ್ಡ್‌ಗೆ ಫೀಲ್ಡ್ ಟ್ರಿಪ್, ಸಹಿ ಹಾಕಿ ಕಳಿಸಿ ಅಂತ. ಓರ್ಕಾ, ಅಂದರೆ 'ಕಿಲ್ಲರ್ ವೇಲ್' ಅನ್ನುವ ಕಪ್ಪು ಬಿಳಿ ಸಮುದ್ರಪ್ರಾಣಿಗಳನ್ನು ಕೊಳದಲ್ಲಿಟ್ಟು ತೋರಿಸುವ ಪಾರ್ಕ್ ಅದು. ಒಲೆ ಮೇಲೆ ಸಾರು ಕುದಿಯುತ್ತಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು. ಓದದೆ ಸಹಿ ಹಾಕಿಬಿಟ್ಟೆ. ಆಮೇಲೆ ಮಗಳು ಕೇಳಿದಳು, "ಅಮ್ಮಾ, ಅಲ್ಲಿರೋ ಓರ್ಕಾದ ಅಮ್ಮ ಎಲ್ಲಿದೆ?"

ನನಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಹುಡುಕಲು ಕೂತೆ. ಆಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತೆ ಇಲ್ಲಿಗೆ ಬಂದವರಿಗೆ ಈ ದೇಶದಲ್ಲಿ ಯಾವ ಇಲಾಖೆ ಏನು ನೋಡಿಕೊಳ್ಳುತ್ತದೆ ಅನ್ನೋದೇ ಅರ್ಥವಾಗುವುದಿಲ್ಲ, ಅಲ್ವಾ?

ಮೊದಲು ಕಾನೂನು. ಸಮುದ್ರದಲ್ಲಿರುವ ಓರ್ಕಾ ಬರುವುದು 1972ರ ಸಾಗರ ಸಸ್ತನಿ ರಕ್ಷಣಾ ಕಾಯಿದೆಯ ಕೆಳಗೆ. ಅದನ್ನು ನೋಡಿಕೊಳ್ಳುವುದು ನೋವಾ (NOAA) ಎಂಬ ಕೇಂದ್ರ ಸರ್ಕಾರದ ಸಾಗರ, ಹವಾಮಾನ ಸಂಸ್ಥೆ. ಅದೇ ಓರ್ಕಾ ಕೊಳದೊಳಗೆ ಬಂದರೆ ಉಸ್ತುವಾರಿ ಕೃಷಿ ಇಲಾಖೆಯದು. ಹೌದು, ದನ ಕೋಳಿಗಳ ಲೆಕ್ಕ ಇಡುವ ಅದೇ ಇಲಾಖೆ. ಅದರೊಳಗೆ ಏಫಿಸ್ (APHIS) ಅನ್ನುವ ವಿಭಾಗವಿದೆ. ಅದರ ಇನ್‌ಸ್ಪೆಕ್ಟರ್‌ಗಳು ಪಾರ್ಕಿಗೆ ಹೋಗಿ ನೀರು, ಆಹಾರ, ಕೊಳದ ಅಳತೆ ನೋಡಿ ವರದಿ ಬರೆಯುತ್ತಾರೆ.

ಸಾರ್ವಜನಿಕ ಪ್ರದರ್ಶನಕ್ಕೆ ಓರ್ಕಾ ಇಟ್ಟುಕೊಳ್ಳಬೇಕಾದರೆ ಪಾರ್ಕಿಗೆ ಮೂರು ಷರತ್ತುಗಳಿವೆ. ಏಫಿಸ್ ಲೈಸೆನ್ಸ್ ಇರಬೇಕು. ಜನರಿಗೆ ನಿಗದಿತ ಹೊತ್ತಿನಲ್ಲಿ ಬಾಗಿಲು ತೆರೆದಿರಬೇಕು. ಮೂರನೆಯದು ನನ್ನ ಕಣ್ಣಿಗೆ ಬಿದ್ದದ್ದು: ಶಿಕ್ಷಣದ ಅಥವಾ ಸಂರಕ್ಷಣೆಯ ಕಾರ್ಯಕ್ರಮ ನಡೆಸಬೇಕು. ಅಂದರೆ ನಿಮ್ಮ ಮಗು ಅಲ್ಲಿ ಕೂತು ಏನೋ ಕಲಿಯುತ್ತದೆ ಎನ್ನುವುದೂ ಆ ಪ್ರಾಣಿಯನ್ನು ಅಲ್ಲಿಡಲು ಒಂದು ಕಾರಣ. ಹಾಗಿದ್ದ ಮೇಲೆ ಏನು ಕಲಿಸಿದರು ಅಂತ ವಿಚಾರಿಸುವುದು ಅಧಿಕಪ್ರಸಂಗ ಅಲ್ಲವೇ ಅಲ್ಲ. ಆ ಪಾಠ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವ ಮಾನದಂಡ ಮಾತ್ರ ಹೆಚ್ಚಾಗಿ ಆ ವೃತ್ತಿಯವರದ್ದೇ. ಪರೀಕ್ಷೆ ಬರೆಯುವವರೇ ಪ್ರಶ್ನೆಪತ್ರಿಕೆಗೂ ಕೈ ಹಾಕಿದ ಹಾಗೆ, ಅಂತ ನನ್ನ ಗಂಡ ನಕ್ಕರು.

ಇನ್ನು ಅಳತೆ. ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಕೃಷಿ ಇಲಾಖೆಯ ನಿಯಮದ ಪ್ರಕಾರ ದೊಡ್ಡ ಓರ್ಕಾದ ಸರಾಸರಿ ಉದ್ದ 24 ಅಡಿ. ಕೊಳದ ಅಗಲ ಕಡಿಮೆ ಅಂದರೂ ಅದರ ಎರಡರಷ್ಟು, 48 ಅಡಿ ಇರಬೇಕು. ಆಳ ಅದರ ಅರ್ಧ, 12 ಅಡಿ. ನಾವು ಶನಿವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದೆವು. ಬಟ್ಟೆ ಒಣಹಾಕುವ ಹಗ್ಗವನ್ನು 24 ಅಡಿಗೆ ಕತ್ತರಿಸಿದ್ದೆ. ಮಗಳು ಒಂದು ತುದಿ ಹಿಡಿದು ನಡುವೆ ನಿಂತಳು. ನಾನು ಇನ್ನೊಂದು ತುದಿಗೆ ಸೀಮೆಸುಣ್ಣ ಹಿಡಿದು ಸುತ್ತು ಹಾಕಿದೆ. "ಈ ಹಗ್ಗ ಇದೆಯಲ್ಲ, ಇದೇ ಓರ್ಕಾದ ಉದ್ದ," ಅಂದೆ. ಅವಳು ಹಗ್ಗವನ್ನು ವೃತ್ತದೊಳಗೆ ನೆಲದ ಮೇಲೆ ಚಾಚಿದಳು. ಒಂದು ಗೆರೆಯಿಂದ ಎದುರಿನ ಗೆರೆಗೆ ಸರಿಯಾಗಿ ಎರಡು ಹಗ್ಗ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಹಾಗಾದ್ರೆ ಅದು ಓಡೋದು ಎಲ್ಲಿ?"

ಸೀವರ್ಲ್ಡ್‌ನ ಕೊಳಗಳು ಇದಕ್ಕಿಂತ ದೊಡ್ಡವು, ಅದನ್ನೂ ಹೇಳಬೇಕು. ಸೀಮೆಸುಣ್ಣದ ಗೆರೆ ಬರೀ ಕಾನೂನು ಕೇಳುವ ಕನಿಷ್ಠ. ಏಫಿಸ್ ವರದಿಗಳನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು. ಅಲ್ಲಿ 'ಯಾವ ಲೋಪವೂ ಇಲ್ಲ' ಅಂತ ಬರೆದಿದ್ದರೆ ಪ್ರಾಣಿ ಸುಖವಾಗಿದೆ ಎಂದು ಅರ್ಥವಲ್ಲ. ನಿಯಮದ ಗೆರೆ ದಾಟಿಲ್ಲ, ಅಷ್ಟೇ. ಸಮುದ್ರದಲ್ಲಾದರೆ ಓರ್ಕಾ ಒಂದೇ ದಿನ 100 ಕಿಲೋಮೀಟರ್‌ಗಿಂತ ಜಾಸ್ತಿ ಈಜಬಲ್ಲದು.

ಕ್ಯಾಲಿಫೋರ್ನಿಯಾದಲ್ಲಿ ಇದರ ಮೇಲೆ ರಾಜ್ಯದ ಕಾನೂನೂ ಇದೆ. ಅದು ಬಂದ ದಾರಿ ದೊಡ್ಡ ಮಕ್ಕಳಿಗೆ ಒಳ್ಳೆಯ ಪೌರನೀತಿ ಪಾಠ. 2010ರ ಫೆಬ್ರವರಿಯಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದ ಸೀವರ್ಲ್ಡ್ ಪಾರ್ಕಿನಲ್ಲಿ ತಿಲಿಕುಂ ಎಂಬ ಓರ್ಕಾದಿಂದ ಅನುಭವಿ ತರಬೇತುದಾರ್ತಿ ಡಾನ್ ಬ್ರಾಂಶೊ ಸತ್ತರು. ತಿಲಿಕುಂನನ್ನು 1983ರಲ್ಲಿ ಐಸ್‌ಲ್ಯಾಂಡ್ ಬಳಿ ಮರಿಯಾಗಿದ್ದಾಗಲೇ ಹಿಡಿದಿದ್ದರು. 2013ರಲ್ಲಿ ಬಂದ ಸಾಕ್ಷ್ಯಚಿತ್ರವೊಂದು ಇದನ್ನು ಮನೆಮನೆಯ ಮಾತಾಗಿಸಿತು. 2014ರಲ್ಲಿ ಓರ್ಕಾ ಆಟ ನಿಲ್ಲಿಸಲು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಒಂದು ಮಸೂದೆ ಬಂತು, 'ಇನ್ನಷ್ಟು ಅಧ್ಯಯನ ಆಗಲಿ' ಎಂದು ಸಮಿತಿ ಪಕ್ಕಕ್ಕಿಟ್ಟಿತು. ನಮ್ಮ ಕಡೆಯೂ ಹೀಗೇ ಅಲ್ವಾ! ಆಮೇಲೆ ಯಾರೂ ನಿರೀಕ್ಷಿಸದ ಕಡೆಯಿಂದ ಹೊಡೆತ ಬಿತ್ತು. ಸ್ಯಾನ್ ಡಿಯೇಗೊ ಪಾರ್ಕಿನವರು ಕೊಳ ದೊಡ್ಡದು ಮಾಡಲು ರಾಜ್ಯದ ಕರಾವಳಿ ಆಯೋಗದ ಪರವಾನಗಿ ಕೇಳಿದ್ದರು. ಆಯೋಗ 2015ರ ಅಕ್ಟೋಬರ್‌ನಲ್ಲಿ ಕೊಳಕ್ಕೆ ಹೂಂ ಅಂದಿತು, ಆದರೆ ಮರಿ ಹಾಕಿಸಬಾರದು ಎಂಬ ಷರತ್ತು ಹಾಕಿತು. ಪಾರ್ಕಿನವರು ಕೋರ್ಟಿಗೆ ಹೋದರು. 2016ರ ಮಾರ್ಚ್‌ನಲ್ಲಿ ತಾವೇ ಓರ್ಕಾ ಸಂತಾನೋತ್ಪತ್ತಿ ನಿಲ್ಲಿಸುತ್ತೇವೆ ಎಂದು ಘೋಷಿಸಿದರು. ಅದೇ ವರ್ಷ ರಾಜ್ಯದ ಕಾನೂನೂ ಪಾಸಾಯಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಓರ್ಕಾಗೆ ಮರಿ ಹಾಕಿಸುವಂತಿಲ್ಲ, ಮನರಂಜನೆಗಾಗಿ ಆಟ ಆಡಿಸುವಂತಿಲ್ಲ. 'ಶೈಕ್ಷಣಿಕ ಪ್ರಸ್ತುತಿ' ಮಾತ್ರ ಮಾಡಬಹುದು. ಓರ್ಕಾ ನೆಗೆಯುವುದು ಅದರಲ್ಲೂ ಇರುತ್ತದೆ. ಅದು ಪಾಠವೋ ಆಟವೋ ಅಂತ ಮಕ್ಕಳನ್ನೇ ಕೇಳಿ. ನನ್ನ ಮಗಳು "ಎರಡೂ" ಅಂದಳು.

ಕೆನಡಾದಲ್ಲಿರುವವರಿಗೆ ಇಷ್ಟು ತಲೆನೋವಿಲ್ಲ. ತಿಮಿಂಗಿಲ, ಡಾಲ್ಫಿನ್‌ಗಳನ್ನು ಹೊಸದಾಗಿ ಸೆರೆಯಲ್ಲಿಡುವುದನ್ನು ಅಲ್ಲಿ 2019ರಲ್ಲೇ ನಿಷೇಧಿಸಿದರು. ಆ ದೇಶದ ಕೊನೆಯ ಸೆರೆ ಓರ್ಕಾ ಕಿಸ್ಕಾ 2023ರ ಮಾರ್ಚ್‌ನಲ್ಲಿ ತೀರಿಕೊಂಡಿತು.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಸ್ಯಾನ್ ಡಿಯೇಗೊಗೆ 1987ರಲ್ಲಿ ಬಂದ ಹೆಣ್ಣು ಓರ್ಕಾ ಕಾರ್ಕಿಯನ್ನು 1969ರ ಡಿಸೆಂಬರ್‌ನಲ್ಲಿ ಕೆನಡಾದ ಪೆಂಡರ್ ಹಾರ್ಬರ್‌ನಲ್ಲಿ ಬಲೆ ಹಾಕಿ ಹಿಡಿದದ್ದು. ಅವಳ ಬಳಗ ಇವತ್ತಿಗೂ ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ ಓಡಾಡುತ್ತಿದೆ. ಆ ಕಡೆಯ ಓರ್ಕಾಗಳಲ್ಲಿ ಗಂಡು ಹೆಣ್ಣು ಎರಡೂ ಬೆಳೆದ ಮೇಲೂ ಅಮ್ಮನ ಜೊತೆಯಲ್ಲೇ ಇರುತ್ತವೆ. ಒಂದೊಂದು ಬಳಗಕ್ಕೂ ತನ್ನದೇ ಕೂಗುಗಳಿವೆ. "ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ಇದ್ದಂತೆ," ಅಂದೆ. ಐಸ್‌ಲ್ಯಾಂಡಿನದನ್ನೂ ಪೆಸಿಫಿಕ್‌ನದನ್ನೂ ಒಂದೇ ಕೊಳಕ್ಕೆ ಬಿಟ್ಟರೆ ಏನಾಗಬಹುದು ಎಂದು ಅವಳಿಗೆ ನಾನು ಹೇಳಬೇಕಾಗಲಿಲ್ಲ. ಕಿಂಡರ್‌ಗಾರ್ಟನ್‌ನಲ್ಲಿ ಮನೆಮಾತು ಬಿಟ್ಟು ಬೇರೆ ಬರದೆ ಮೂಲೆಯಲ್ಲಿ ಕೂತವಳು ಅವಳು.

ಚಿಕ್ಕ ಮಕ್ಕಳಿಗೆ ಇಷ್ಟು ಸಾಕು: ಅಮ್ಮ, ಬಳಗ, ಮಾತು, ಜಾಗ. ಸಾವಿನ ವಿಡಿಯೋಗಳನ್ನು ಹತ್ತು ವರ್ಷದೊಳಗಿನವರಿಗೆ ತೋರಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಹೆದರಿದ ಮಗು ಯೋಚನೆ ಮಾಡುವುದಿಲ್ಲ. ತರಬೇತುದಾರರನ್ನು ಕೆಟ್ಟವರನ್ನಾಗಿ ಮಾಡುವುದೂ ಬೇಡ. ಕಾಯಿಲೆ ಬಿದ್ದ ಸೀ ಲಯನ್‌ಗಳನ್ನು ದಡದಿಂದ ಎತ್ತಿ ತಂದು ಬದುಕಿಸುವವರು ಅದೇ ಪಾರ್ಕಿನಲ್ಲಿದ್ದಾರೆ. "ಸುಮ್ನೆ ಸಮುದ್ರಕ್ಕೆ ಬಿಟ್ಟುಬಿಡಬಹುದಲ್ವಾ?" ಎಂದು ಕೇಳಿದರೆ ಸೆರೆಯಲ್ಲಿದ್ದ ಕೈಕೋ ಎಂಬ ಗಂಡು ಓರ್ಕಾದ ಕತೆ ಹೇಳಿ. ವರ್ಷಗಟ್ಟಲೆ ತಯಾರಿ ಮಾಡಿ 2002ರಲ್ಲಿ ಅವನನ್ನು ಐಸ್‌ಲ್ಯಾಂಡ್ ಸಮುದ್ರಕ್ಕೆ ಬಿಟ್ಟರು. ನಾರ್ವೆವರೆಗೆ ಈಜಿದ, ಆದರೆ ಮನುಷ್ಯರನ್ನೇ ಹುಡುಕಿಕೊಂಡು ಬಂದ. 2003ರ ಡಿಸೆಂಬರ್‌ನಲ್ಲಿ ಸತ್ತ. ಸೋಲೋ ಗೆಲುವೋ ಅಂತ ದೊಡ್ಡವರೇ ಇನ್ನೂ ಜಗಳ ಆಡುತ್ತಿದ್ದಾರೆ.

ನಾವು ಮಾತಾಡುವಾಗ ದಾವಣಗೆರೆಯಿಂದ ಬಂದಿದ್ದ ನಮ್ಮ ಅತ್ತೆ ಬೀನ್ಸ್ ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದರು. "ನಮ್ಮೂರಿಗೆ ಕರಡಿ ಆಡಿಸೋರು ಬರ್ತಿದ್ರು ಪುಟ್ಟಿ," ಅಂದರು. "ಮೂಗಿಗೆ ಹಗ್ಗ ಪೋಣಿಸಿರ್ತಿದ್ರು. ನಿಮ್ಮಪ್ಪ ಬೆಚ್ಚಿಬೀಳ್ತಾನೆ ಅಂತ ಕರಡಿ ಕೂದಲಿನ ತಾಯತ ನಾನೇ ಕಟ್ಟಿಸಿದ್ದೆ. ಅದಕ್ಕೆ ನೋವಾಗುತ್ತೆ ಅಂತ ಆಗ ಹೊಳೀಲೇ ಇಲ್ಲ ನೋಡು." ಮಗಳಿಗೆ ಆ ಕರಡಿಗಳು ಈಗ ಎಲ್ಲಿವೆ ಅಂತ ಬೇಕಿತ್ತು. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದ ಫೋಟೋ ತೋರಿಸಿದೆ. ಭಾರತ ಸರ್ಕಾರ 2013ರಲ್ಲೇ ಡಾಲ್ಫಿನೇರಿಯಂಗಳಿಗೆ ಅನುಮತಿ ಇಲ್ಲ ಅಂದದ್ದನ್ನೂ ಹೇಳಿದೆ. ಅಜ್ಜಿಯ ಕತೆಯಷ್ಟು ಅವಳಿಗೆ ಬೇರೆ ಯಾವುದೂ ನಾಟಲಿಲ್ಲ.

ಆ ಹಳದಿ ಚೀಟಿಯ ವಿಷಯ. ಬೇಡ ಅಂದರೆ ಟೀಚರ್ ಏನಂದುಕೊಳ್ಳುತ್ತಾರೋ ಎಂದು ನಮ್ಮವರಿಗೆ ಅಳುಕು. ಆ ಚೀಟಿ ಕೇಳುವುದು ನಿಮ್ಮ ಒಪ್ಪಿಗೆಯನ್ನು, ಅದು ಆಜ್ಞೆ ಅಲ್ಲ. ಸಹಿ ಹಾಕದಿದ್ದರೆ ಸಾಮಾನ್ಯವಾಗಿ ಮಗುವನ್ನು ಅವತ್ತು ಇನ್ನೊಂದು ಕ್ಲಾಸಿನಲ್ಲಿ ಕೂರಿಸುತ್ತಾರೆ. ಒಂದು ವಾರ ಮುಂಚೆ ಟೀಚರ್‌ಗೆ ಎರಡು ಸಾಲಿನ ಇಮೇಲ್ ಬರೆದು, ಬದಲಿಗೆ ಓರ್ಕಾ ಬಗ್ಗೆಯೇ ಒಂದು ಪೋಸ್ಟರ್ ಮಾಡಿಸಬಹುದೇ ಎಂದು ಕೇಳಿ. ಕಳಿಸುವುದಾದರೂ ಸರಿ. ಸರ್ಕಾರಿ ಶಾಲೆ ಹಣ ಕೊಡಲಾಗದ ಕಾರಣಕ್ಕೆ ಯಾವ ಮಗುವನ್ನೂ ಬಿಟ್ಟು ಹೋಗುವಂತಿಲ್ಲ, ಅದೂ ನೆನಪಿರಲಿ.

ನಾವು ಕಳಿಸಿದೆವು, ಒಂದು ಪ್ರಶ್ನೆ ಕೊಟ್ಟು: ಬೆನ್ನ ಮೇಲಿನ ರೆಕ್ಕೆ ನೆಟ್ಟಗಿದೆಯಾ ನೋಡಿಕೊಂಡು ಬಾ. ಸೆರೆಯಲ್ಲಿರುವ ದೊಡ್ಡ ಗಂಡುಗಳ ರೆಕ್ಕೆ ಒಂದು ಪಕ್ಕಕ್ಕೆ ಬಾಗಿರುತ್ತದೆ, ಸಮುದ್ರದಲ್ಲಿ ಹಾಗಾಗುವುದು ಅಪರೂಪ. ಸಂಜೆ ಬಂದವಳು ಬಲಗೈ ಮಡಚಿ ತೋರಿಸಿದಳು. "ಹೀಗಿತ್ತು. ಯಾಕೆ ಅಂತ ಕೇಳೋಕೆ ಕೈ ಎತ್ತಿದೆ, ಅಷ್ಟರಲ್ಲಿ ಮ್ಯೂಸಿಕ್ ಶುರುವಾಯ್ತು."

ಸಮುದ್ರದಲ್ಲೇ ನೋಡಬೇಕೆನ್ನುವವರಿಗೆ ವಾಷಿಂಗ್ಟನ್ ರಾಜ್ಯದ ಸ್ಯಾನ್ ಹುವಾನ್ ದ್ವೀಪದ ಲೈಮ್ ಕಿಲ್ನ್ ಪಾರ್ಕ್ ಒಳ್ಳೆಯದು. ಅನಕೋರ್ಟಿಸ್‌ನಿಂದ ಫೆರ್ರಿ, ದಡದ ಬಂಡೆ ಮೇಲೆ ಕೂತು ನೋಡುವುದು. ಅಲ್ಲಿನ ಅಳಿವಿನಂಚಿನ ಓರ್ಕಾಗಳಿಂದ ದೋಣಿಗಳು 1000 ಗಜ ದೂರ ಇರಬೇಕು ಎಂದು 2025ರಿಂದ ನಿಯಮವಿದೆ, ಹಾಗಾಗಿ ದಡವೇ ವಾಸಿ. ಸ್ಯಾನ್ ಡಿಯೇಗೊದಲ್ಲೇ ಇರುವವರು ಜನವರಿಯಲ್ಲಿ ಕಬ್ರಿಯೊ ಸ್ಮಾರಕದ ಗುಡ್ಡ ಹತ್ತಿ, ಬೂದು ತಿಮಿಂಗಿಲಗಳು ದಕ್ಷಿಣಕ್ಕೆ ಹೋಗುವುದು ಕಾಣಬಹುದು. ಎರಡು ಕಡೆಯೂ ಏನೂ ಕಾಣಿಸದೆ ವಾಪಸ್ ಬರುವ ದಿನಗಳೂ ಇರುತ್ತವೆ. ಬುತ್ತಿ ಕಟ್ಟಿಕೊಂಡು ಹೋಗಿ, ಗಾಳಿ ಜೋರಿರುತ್ತದೆ, ಜಾಕೆಟ್ ಮರೆಯಬೇಡಿ.