ಬಿಡುಗಡೆಗೆ ಮೊದಲೇ ಹಾಡು ಸೋರಿದರೆ: ನನ್ನ ಅನುಭವ

ಕದ್ದ ಪ್ರತಿಗಳನ್ನು ಎಣಿಸಿ, ಬೆಲೆಯಿಂದ ಗುಣಿಸಿ, ಇಷ್ಟು ನಷ್ಟ ಎನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಪುಕ್ಕಟೆ ಇಳಿಸಿಕೊಂಡವರೆಲ್ಲ ದುಡ್ಡು ಕೊಟ್ಟು ಕೊಳ್ಳುವವರಲ್ಲ. ಆದರೆ ಪೆಟ್ಟು ಬಿದ್ದದ್ದು ನಿಜ. 1999ರಲ್ಲಿ ಕೇಳುಗರು ಪರಸ್ಪರ ಹಾಡಿನ ಫೈಲ್ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದಾಗ, ಸಿಡಿಯಲ್ಲಿ ಸುಮಾರು 30 ಎಂಬಿ ಇದ್ದ ಮೂರು ನಿಮಿಷದ ಹಾಡು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆಗಿ 3 ಎಂಬಿಯೊಳಗೆ ಕೂತಿತು. ಅಲ್ಲಿಂದ 2014ರ ಹೊತ್ತಿಗೆ ಜಗತ್ತಿನ ರೆಕಾರ್ಡಿಂಗ್ ಉದ್ಯಮದ ವರಮಾನ ಹೆಚ್ಚುಕಡಿಮೆ ಶೇ. 40ರಷ್ಟು ಕುಸಿಯಿತು. ಆಲ್ಬಂ ಒಡೆದು ಬಿಡಿ ಹಾಡು ಮಾರಿದ್ದೂ ಇದರಲ್ಲಿ ಸೇರಿದೆ, ಎಲ್ಲವನ್ನೂ ಪೈರಸಿಯ ತಲೆಗೆ ಕಟ್ಟುವಂತಿಲ್ಲ. ಆಮೇಲೆ ಸ್ಟ್ರೀಮಿಂಗ್ ಕೈಹಿಡಿಯಿತು, 2024ರಲ್ಲಿ ವರಮಾನ 29.6 ಬಿಲಿಯನ್ ಡಾಲರ್ ಎನ್ನುತ್ತದೆ ರೆಕಾರ್ಡಿಂಗ್ ಉದ್ಯಮದ ಜಾಗತಿಕ ಒಕ್ಕೂಟ ಐಎಫ್‌ಪಿಐ ಲೆಕ್ಕ.

ನನ್ನಂತೆ ಚಿಕ್ಕ ಲೇಬಲ್ (ಹಾಡು ಹೊರತರುವ ಸಂಸ್ಥೆ) ನಡೆಸುವವರಿಗೆ ಅತಿ ಹೆಚ್ಚು ನೋವು ಕೊಡುವುದು ಬಿಡುಗಡೆಗೆ ಮುಂಚಿನ ಸೋರಿಕೆ. ಆಗ ಹಣ ಕೊಡಲು ಸಿದ್ಧನಿರುವ ಕೇಳುಗನಿಗೂ ಸಿಗುವುದು ಕಳ್ಳಪ್ರತಿಯೊಂದೇ. ಹಾಗಾಗಿ ನಾನು ಹೆಚ್ಚು ಶ್ರಮ ಹಾಕುವುದು ಇಲ್ಲಿಯೇ.

ಪ್ರಚಾರಕ್ಕೆ ಹೊರಗೆ ಕಳಿಸುವ ಪ್ರತಿ ಯಾವತ್ತೂ 128 ಕೆಬಿಪಿಎಸ್ ಎಂಪಿ3. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ. ಹಾಡಿನಲ್ಲಿ ಐದು ಜಾಗ ಗುರುತು ಮಾಡಿಕೊಂಡು, ಆ ಜಾಗದ ಒಂದೊಂದು ಶೇಕರ್ (ಗಿಲಕಿಯಂಥ ತಾಳವಾದ್ಯ) ಪೆಟ್ಟನ್ನು ಇಡುತ್ತೇನೆ ಇಲ್ಲವೇ ತೆಗೆಯುತ್ತೇನೆ. ಇದೆ-ಇಲ್ಲ ಎಂಬ ಐದು ಆಯ್ಕೆಗಳಿಂದ 32 ಪ್ರತಿ ಹುಟ್ಟುತ್ತವೆ. ಯಾರಿಗೆ ಯಾವ ಜೋಡಣೆ ಹೋಯಿತು ಎಂಬುದನ್ನು ಕಳಿಸುವ ಮೊದಲೇ ಪಟ್ಟಿಯಲ್ಲಿ ಬರೆದಿಡಬೇಕು. ಫೈಲಿನ ಹೆಸರಲ್ಲೋ ಟ್ಯಾಗಿನಲ್ಲೋ ಗುರುತಿಟ್ಟರೆ ಒಂದೇ ಕ್ಲಿಕ್ಕಿಗೆ ಅಳಿಸಿಹೋಗುತ್ತದೆ. ಶುರುವಿನ ಮೌನದ ಉದ್ದ ಬದಲಿಸಿದರೆ ಕತ್ತರಿಸಿಬಿಡುತ್ತಾರೆ. ಶೇಕರ್ ಗುರುತು ಮತ್ತೆ ಕಂಪ್ರೆಸ್ ಮಾಡಿದರೂ, ವೇಗ ಹೆಚ್ಚಿಸಿದರೂ ಉಳಿಯುತ್ತದೆ. ಇಬ್ಬರು ತಮ್ಮ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಮಾತ್ರ ಗುಟ್ಟು ರಟ್ಟು.

ಸೋರಿದ ಫೈಲ್ ಸಿಕ್ಕ ಕೂಡಲೇ ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಧ್ವನಿಯಿದೆ ಎಂದು ತೋರಿಸುವ ಚಿತ್ರ, ತೆರೆಯಿರಿ. 128ರ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಚಾಕುವಿನಿಂದ ಕೊಯ್ದಂತೆ ನಿಲ್ಲುತ್ತದೆ. ಹೆಸರಿಗೆ ಫ್ಲ್ಯಾಕ್ (ಗುಣಮಟ್ಟ ಕುಂದದ ಫೈಲ್) ಎಂದಿದ್ದರೂ ಆ ಗೆರೆ ಕಂಡರೆ ಮೂಲ ಎಂಪಿ3ಯೇ, ಅಂದರೆ ಪ್ರಚಾರದ ಪ್ರತಿ ಎಂದು ಅನುಮಾನಿಸಬಹುದು. ಗೆರೆಯಿಲ್ಲದೆ 20 ಕಿಲೋಹರ್ಟ್ಜ್ ಮೇಲೂ ಧ್ವನಿ ಇದ್ದರೆ, ಮಾಸ್ಟರ್ (ಹಾಡಿನ ಅಂತಿಮ ಮೂಲಪ್ರತಿ) ಮುಟ್ಟಿದ ಸ್ಟುಡಿಯೋ, ಮಾಸ್ಟರಿಂಗ್, ವಿತರಣೆ ಇವುಗಳ ಕಡೆ ಹುಡುಕಬೇಕು.

ತೆಗೆಸುವ ನೋಟಿಸ್ ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ಡಿಎಂಸಿಎ ಕ್ರಮದಲ್ಲೇ ಬರೆಯುತ್ತೇನೆ, ದೊಡ್ಡ ತಾಣಗಳು ಅದನ್ನೇ ಕೇಳುತ್ತವೆ. ಕೃತಿಯ ಹೆಸರು, ಪ್ರತಿ ಫೈಲಿನ ಪೂರ್ತಿ ಕೊಂಡಿ, ಸಂಪರ್ಕ ವಿವರ, ಅನುಮತಿಯಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಹೇಳಿಕೆ, ಮಾಹಿತಿ ಸರಿಯಿದೆ, ಸುಳ್ಳಾದರೆ ಶಿಕ್ಷೆಗೆ ಬದ್ಧನಾಗಿ ಹಕ್ಕುದಾರರ ಪರವಾಗಿ ಬರೆಯುತ್ತಿದ್ದೇನೆ ಎಂಬ ಹೇಳಿಕೆ, ಸಹಿ. ತಾಣದ ಮುಖಪುಟದ ಕೊಂಡಿ ಕೊಟ್ಟರೆ ಪತ್ರ ಮೂಲೆ ಸೇರುತ್ತದೆ. ಕಳಿಸುವ ಮೊದಲು ದಿನಾಂಕ ಸಮೇತ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ತೆಗೆದುಹಾಕಿದ ಮೇಲೆ ಪುರಾವೆಗೆ ಬೇರೇನೂ ಇರುವುದಿಲ್ಲ.

ನಮ್ಮ ಹಾಡು ಬಳಸಿದ ವಿಡಿಯೋಗಳನ್ನು ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ನೋಟಿಸಿನ ಕೆಲಸವನ್ನು ತುಂಬ ಇಳಿಸುತ್ತದೆ. ಆದರೆ ಹಾಡಿನಲ್ಲಿ ಎಲ್ಲರಿಗೂ ಮಾರುವ ಲೂಪ್ (ಮತ್ತೆ ಮತ್ತೆ ಬರುವ ಸಿದ್ಧ ಸಂಗೀತದ ತುಣುಕು) ಬಳಸಿದ್ದರೆ ಆ ಹಾಡನ್ನು ಅಲ್ಲಿ ಸೇರಿಸಲೇಬೇಡಿ. ಅದೇ ಲೂಪ್ ಕೊಂಡ ಬೇರೆ ಸಂಗೀತಗಾರನ ಹಾಡಿನ ಮೇಲೆ ನಿಮ್ಮ ಹೆಸರಲ್ಲಿ ಹಕ್ಕು ಬೀಳುತ್ತದೆ. ನಮ್ಮ ಹಕ್ಕು ಉಳಿಸಲು ಹೋಗಿ ಇನ್ನೊಬ್ಬ ಕಲಾವಿದನ ಅನ್ನಕ್ಕೆ ಕಲ್ಲು ಹಾಕುವುದು ಬೇಡ. ಅಭಿಮಾನಿಗಳ ವಿಡಿಯೋಗಳನ್ನು ನಾನು ತಡೆಯುವುದಿಲ್ಲ, ಜಾಹೀರಾತಿನ ಹಣ ನಮ್ಮ ಕಡೆ ಬರುವಂತೆ ಇಡುತ್ತೇನೆ. ಪೂರ್ತಿ ಆಲ್ಬಂ ಏರಿಸಿದವರಿಗೆ ಮಾತ್ರ ತಡೆ.

ಬಿಡುಗಡೆ ದೇಶಕ್ಕೊಂದು ದಿನವಾದರೆ ನಡುವಿನ ದಿನಗಳು ಕಳ್ಳಪ್ರತಿಯ ಪಾಲು. 2015ರ ಜುಲೈನಿಂದ ಉದ್ಯಮ ಶುಕ್ರವಾರವನ್ನು ಜಾಗತಿಕ ಬಿಡುಗಡೆ ದಿನ ಮಾಡಿಕೊಂಡದ್ದಕ್ಕೆ ಇದೂ ಒಂದು ಕಾರಣ. ವಿತರಕರಿಗೆ ನಾಲ್ಕು ವಾರ ಮೊದಲೇ ಹಾಡಿನ ವೇವ್ ಫೈಲ್ (ಕಂಪ್ರೆಸ್ ಮಾಡದ ಪ್ರತಿ) ಕೊಟ್ಟಿರುತ್ತೇನೆ. ಹಾಗಾಗಿ ಅಕಸ್ಮಾತ್ ಸೋರಿದರೆ ತಾರೀಖನ್ನು ಹಿಂದಕ್ಕೆ ಎಳೆದು, ಒಂದೆರಡು ದಿನದಲ್ಲೇ ಎಲ್ಲ ದೇಶಗಳಲ್ಲೂ ಹಾಡನ್ನು ಬಿಟ್ಟುಬಿಡಬಹುದು.