ಸರ್ವರ್ ತಾನಾಗೇ ರೀಬೂಟ್ ಆಯ್ತಾ? ಡಂಪ್ ತೆಗೆದು ನೋಡಿ

ಮೇ ತಿಂಗಳ ಕಲಬುರಗಿಯಲ್ಲಿ ಸರ್ವರ್ ತಾನಾಗೇ ರೀಬೂಟ್ ಆದರೆ ಎಲ್ಲರೂ ಬಿಸಿಲನ್ನೋ ಕರೆಂಟನ್ನೋ ಬೈಯುತ್ತಾರೆ. ಆದರೆ ಕರ್ನಲ್ ಪ್ಯಾನಿಕ್ (ಲಿನಕ್ಸ್‌ನ ತಿರುಳಾದ ಕರ್ನಲ್ ಸರಿಪಡಿಸಲಾಗದ ತಪ್ಪಿಗೆ ಸಿಕ್ಕಿ ಬೀಳುವುದು) ಆಗಿದ್ದರೆ? ಹೊಸ ಯುಪಿಎಸ್ ತಂದರೂ, ಇನ್ನೊಂದು ಎಸಿ ಹಾಕಿಸಿದರೂ ಅದು ಮತ್ತೆ ಬೀಳುತ್ತದೆ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯ ಬಿಲ್ಲಿಂಗ್ ಸರ್ವರ್ ಆಗಲಿ, ಕಾಲೇಜು ಲ್ಯಾಬ್‌ನದಾಗಲಿ, ಕೆಡಂಪ್ ಅನ್ನು ಮೊದಲೇ ಸಿದ್ಧ ಮಾಡಿಡಿ. ಕರ್ನಲ್ ಬಿದ್ದಾಗ ಮೆಮೊರಿಯ ಪ್ರತಿಯನ್ನು, ಅಂದರೆ ಡಂಪ್ ಅನ್ನು, ಉಳಿಸಿಡುವ ವ್ಯವಸ್ಥೆ ಇದು. ಬಿದ್ದ ಮೇಲೆ ಹಾಕಿಕೊಂಡರೆ ಹೋದ ಸಾಕ್ಷ್ಯ ಸಿಗುವುದಿಲ್ಲ.

ಉಬುಂಟುವಿನಲ್ಲಿ ಲಿನಕ್ಸ್-ಕ್ರ್ಯಾಶ್‌ಡಂಪ್ ಪ್ಯಾಕೇಜ್ ಹಾಕಿ, ರೀಬೂಟ್ ಮಾಡಿ, ಕೆಡಂಪ್-ಕಾನ್ಫಿಗ್ ಶೋ ಕೊಡಿ. 'ರೆಡಿ ಟು ಕೆಡಂಪ್' ಬರಬೇಕು. ಬರದಿದ್ದರೆ ಹೆಚ್ಚಾಗಿ ಮೆಮೊರಿ ಕಾದಿರಿಸಿರುವುದಿಲ್ಲ. ರ್ಯಾಮ್ ಕಮ್ಮಿ ಇರುವ ಯಂತ್ರಗಳಲ್ಲಿ ಇದು ಜಾಸ್ತಿ. ಗ್ರಬ್ (ಕರ್ನಲ್ ಅನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ಕ್ರ್ಯಾಶ್‌ಕರ್ನಲ್ ಮೌಲ್ಯವನ್ನು, ಅಂದರೆ ಕಾದಿರಿಸುವ ಮೆಮೊರಿಯನ್ನು, 256 ಎಂಬಿ ಮಾಡಿ, ಅಪ್‌ಡೇಟ್-ಗ್ರಬ್ ಕೊಟ್ಟು ಮತ್ತೆ ರೀಬೂಟ್ ಮಾಡಿ ನೋಡಿ, ಸಾಲದಿದ್ದರೆ ಏರಿಸಿ. ಆ ಜಾಗದಲ್ಲಿ ಎರಡನೇ ಕರ್ನಲ್ ಒಂದು ಸುಮ್ನೆ ಕೂತಿರುತ್ತದೆ. ಮೊದಲನೆಯದು ಪ್ಯಾನಿಕ್ ಆದ ತಕ್ಷಣ ಕೆಎಕ್ಸೆಕ್ (ಒಂದು ಕರ್ನಲ್‌ನಿಂದ ನೇರವಾಗಿ ಇನ್ನೊಂದನ್ನು ಎಬ್ಬಿಸುವ ವಿಧಾನ) ಮೂಲಕ, ಬಯಾಸ್ ಮುಟ್ಟದೆ, ಇದು ಎದ್ದು ಹಳೆಯ ಮೆಮೊರಿಯನ್ನು ವಾರ್/ಕ್ರ್ಯಾಶ್ (/var/crash) ಫೋಲ್ಡರ್‌ಗೆ ಬರೆಯುತ್ತದೆ.

ಪರೀಕ್ಷೆ ಮಾಡದೆ ನಂಬಬೇಡಿ. ಯಾರೂ ಕೆಲಸ ಮಾಡದ ಹೊತ್ತಿನಲ್ಲಿ, ರೂಟ್ ಆಗಿ ಸಿಂಕ್ (ಬಾಕಿ ಡೇಟಾವನ್ನು ಡಿಸ್ಕಿಗೆ ಬರೆಸುವ ಕಮಾಂಡ್) ಕೊಟ್ಟು, ಪ್ರಾಕ್‌ನ ಸಿಸ್‌ಆರ್‌ಕ್ಯೂ-ಟ್ರಿಗರ್ (/proc/sysrq-trigger) ಫೈಲಿಗೆ ಸಿ (c) ಅಕ್ಷರ ಬರೆಯಿರಿ. ಯಂತ್ರ ನಿಜವಾಗಿಯೂ ಬೀಳುತ್ತದೆ. ಎದ್ದ ಮೇಲೆ ಡಂಪ್ ಇದ್ದರೆ ಸರಿ. ಇಷ್ಟು ಮಾಡಿದ್ದರೆ ಮುಂದೆ ಡಂಪ್ ಇಲ್ಲದೆ ರೀಬೂಟ್ ಆದಾಗ ಕರೆಂಟ್, ಬಿಸಿ ಅಥವಾ ಹಾರ್ಡ್‌ವೇರ್ ಮೇಲೆ ಅನುಮಾನ ಪಡಲು ಕಾರಣ ಇರುತ್ತದೆ, ಅಲ್ವಾ?

ಈಗ ಓದುವುದು. ಕ್ರ್ಯಾಶ್ ಎಂಬ ಟೂಲ್ ಬೇಕು, ಜೊತೆಗೆ ಬಿದ್ದ ಕರ್ನಲ್‌ನದೇ ಡೀಬಗ್ ಚಿಹ್ನೆಗಳಿರುವ (ಫಂಕ್ಷನ್‌ಗಳ ಹೆಸರು ತಿಳಿಸುವ ಮಾಹಿತಿ ಇರುವ) ವಿಎಂಲಿನಕ್ಸ್ ಫೈಲ್. ಆವೃತ್ತಿ ಅಕ್ಷರಶಃ ಒಂದೇ ಇರಬೇಕು. ತೆರೆದ ಮೇಲೆ ಮೊದಲು ಲಾಗ್ ಕೊಟ್ಟು ಕೊನೆಯ ಸಾಲುಗಳನ್ನು ಓದಿ. 'ಮಷೀನ್ ಚೆಕ್' (ಪ್ರೊಸೆಸರ್ ತಾನೇ ತಿಳಿಸುವ ಹಾರ್ಡ್‌ವೇರ್ ದೋಷ) ಕಂಡರೆ ಹಾರ್ಡ್‌ವೇರ್ ಕಡೆ ತಿರುಗಿ. ಆಮೇಲೆ ಬಿಟಿ (ಬ್ಯಾಕ್‌ಟ್ರೇಸ್) ಕೊಡಿ, ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿ ಬಿತ್ತು ಅನ್ನುವುದು ಸಾಲಾಗಿ ಕಾಣುತ್ತದೆ. ಪಕ್ಕದಲ್ಲಿ ಚೌಕ ಆವರಣದೊಳಗೆ ಮಾಡ್ಯೂಲ್ (ಡ್ರೈವರ್‌ನಂತೆ ಕರ್ನಲ್‌ಗೆ ಸೇರಿಸುವ ಭಾಗ) ಹೆಸರಿದ್ದರೆ ಬರೆದುಕೊಳ್ಳಿ.

ಒಂದೇ ಡಂಪ್ ನೋಡಿ ತೀರ್ಪು ಕೊಡಬೇಡಿ. ಎರಡು-ಮೂರು ಡಂಪ್‌ಗಳಲ್ಲಿ ಅದೇ ಡ್ರೈವರ್ ಬಂದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ. ಪ್ರತಿ ಸಲ ಸಂಬಂಧವೇ ಇಲ್ಲದ ಬೇರೆ ಬೇರೆ ಜಾಗದಲ್ಲಿ ಬೀಳುತ್ತಿದ್ದರೆ ರ್ಯಾಮ್ ಕೆಟ್ಟಿರುವ ಸಾಧ್ಯತೆ ಜಾಸ್ತಿ, ರಾತ್ರಿಯಿಡೀ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಸಹಾಯ ಕೇಳುವಾಗ ಡಂಪ್ ಫೈಲನ್ನೇ ಕಳಿಸಬೇಡಿ, ಅದರಲ್ಲಿ ಪಾಸ್‌ವರ್ಡ್, ಗ್ರಾಹಕರ ವಿವರ ಎಲ್ಲ ಇರಬಹುದು. ಲಾಗ್‌ನ ಕೊನೆಯ ಭಾಗ ಮತ್ತು ಬಿಟಿ ಸಾಕು, ಅದನ್ನೂ ಒಮ್ಮೆ ಓದಿ ನೋಡಿಯೇ ಕಳಿಸಿ.