ಎಲೀಟ್ ಡೇಂಜರಸ್‌ನಲ್ಲಿ ದೊಡ್ಡ ಸರಕು ನೌಕೆಯಿಂದ ಹಣ ಗಳಿಸುವ ಕ್ರಮ

ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿರುವ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಹೊರತಂದ ‘ಎಲೀಟ್ ಡೇಂಜರಸ್’ ಎಂಬ ಬಾಹ್ಯಾಕಾಶ ನೌಕೆಗಳ ಕಂಪ್ಯೂಟರ್ ಆಟದಲ್ಲಿ ಹಣ ಮಾಡಲು ಗಣಿಗಾರಿಕೆ, ಅನ್ವೇಷಣೆ, ದರೋಡೆಕೋರರ ಬೇಟೆ ಎಂಬ ಹಲವು ದಾರಿಗಳಿವೆ. ಅವುಗಳಲ್ಲಿ ದಿನದ ಕೊನೆಗೆ ಇಷ್ಟು ಬಂದೀತು ಎಂದು ಮೊದಲೇ ಅಂದಾಜು ಮಾಡಿ, ಆ ಅಂದಾಜಿನ ಹತ್ತಿರಕ್ಕೆ ನಿಜವಾಗಿಯೂ ತಲುಪಬಹುದಾದ ದಾರಿ ಎಂದರೆ ಸರಕು ಸಾಗಣೆ. ಸಣ್ಣ ನೌಕೆಯಲ್ಲಿ ಇದು ಬೇಸರ ತರಿಸುವಷ್ಟು ನಿಧಾನವಾಗಿ ಸಾಗುತ್ತದೆ; ದೊಡ್ಡ ನೌಕೆಯಲ್ಲಿ ಇದೇ ಕೆಲಸ ಕೋಟಿಗಳ ವ್ಯವಹಾರವಾಗುತ್ತದೆ. ಆದರೆ ದೊಡ್ಡ ನೌಕೆ ಕೊಂಡವರಲ್ಲಿ ಅನೇಕರು ಟನ್ನಿಗೆ ಎಷ್ಟು ಲಾಭ ಎಂಬ ಒಂದೇ ಅಂಕಿಯ ಹಿಂದೆ ಬೀಳುತ್ತಾರೆ. ಗಂಟೆಗೆ ಎಷ್ಟು ಬಂತು ಎಂದು ಲೆಕ್ಕ ಹಾಕುವವರಿಗೆ ಮಾತ್ರ ಈ ನೌಕೆಗಳು ತಮ್ಮ ಬೆಲೆಯನ್ನು ಬೇಗ ದುಡಿದುಕೊಡುತ್ತವೆ.

ಮೊದಲು ನೌಕೆಯ ವಿಚಾರ. ಆಟದ ಹಣವಾದ ಕ್ರೆಡಿಟ್‌ಗಳಲ್ಲಿ ಹತ್ತು ಲಕ್ಷದ ಆಸುಪಾಸಿನಲ್ಲಿ ಸಿಗುವ ಟೈಪ್-6 ಟ್ರಾನ್ಸ್‌ಪೋರ್ಟರ್ ನೂರು ಟನ್‌ಗಿಂತ ಸ್ವಲ್ಪ ಹೆಚ್ಚು ಹೊರುತ್ತದೆ, ವ್ಯಾಪಾರದ ಅಕ್ಷರಾಭ್ಯಾಸಕ್ಕೆ ಅದೇ ಸಾಕು. 2024ರಲ್ಲಿ ಬಂದ ಟೈಪ್-8 ಬಾಹ್ಯಾಕಾಶದ ಸ್ಟೇಷನ್‌ಗಳಲ್ಲಿ ನೌಕೆ ಇಳಿಯುವ ಕಟ್ಟೆಗಳಾದ ಪ್ಯಾಡ್‌ಗಳ ಪೈಕಿ ಮಧ್ಯಮ ಗಾತ್ರದ್ದರಲ್ಲಿ ಇಳಿಯುತ್ತದೆ, ಹೊರೆಯೂ ಚೆನ್ನಾಗಿ ಹಿಡಿಯುತ್ತದೆ. ಟೈಪ್-9ಕ್ಕೆ ಹಣ ಕೂಡಿಸುವ ಅವಧಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ. ಟೈಪ್-7 ಅನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಅದಕ್ಕೆ ದೊಡ್ಡ ಪ್ಯಾಡ್ ಬೇಕೇಬೇಕು, ಹೊರೆ ಮಾತ್ರ ದೊಡ್ಡ ನೌಕೆಯಷ್ಟಿಲ್ಲ. ಟೈಪ್-9 ಹೆವಿಯ ಬೆಲೆ ಸುಮಾರು 7.65 ಕೋಟಿ ಕ್ರೆಡಿಟ್. ಒಳಗಿನ ಎಲ್ಲ ಖಾನೆಗಳಿಗೂ ಸರಕಿನ ರ‍್ಯಾಕ್ ತುಂಬಿದರೆ ಅದು 790 ಟನ್ ಹೊರುತ್ತದೆ.

ಈ 7.65 ಕೋಟಿ ಕೈಗೆ ಬಂದ ದಿನವೇ ನೌಕೆ ಕೊಳ್ಳಬಾರದು. ಬಿಡಿಭಾಗಗಳನ್ನು ಸುಧಾರಿಸಿಕೊಳ್ಳುವಷ್ಟರಲ್ಲಿ ನೌಕೆಯ ಮೌಲ್ಯ ಹತ್ತು ಕೋಟಿ ದಾಟುವುದು ಸಾಮಾನ್ಯ. ನೌಕೆ ನಾಶವಾದರೆ ಅದನ್ನು ಮರಳಿ ಪಡೆಯಲು ಒಟ್ಟು ಮೌಲ್ಯದ ಶೇಕಡಾ 5ರಷ್ಟನ್ನು ವಿಮೆಯ ಪಾಲಾಗಿ ಕಟ್ಟಬೇಕಾಗುತ್ತದೆ, ಅಂದರೆ 11 ಕೋಟಿಯ ನೌಕೆಗೆ 55 ಲಕ್ಷ. ಸರಕಿಗಂತೂ ವಿಮೆಯೇ ಇಲ್ಲ. ಟನ್ನಿಗೆ 40,000ದಂತೆ 700 ಟನ್ ಕೊಂಡಿದ್ದರೆ 2.8 ಕೋಟಿ ಒಂದೇ ಏಟಿಗೆ ಹೋಗುತ್ತದೆ. ಆದುದರಿಂದ ನೌಕೆಯ ಬೆಲೆ, ಬಿಡಿಭಾಗಗಳ ಖರ್ಚು, ಎರಡು ಸಲ ವಿಮೆ ಕಟ್ಟುವಷ್ಟು ಹಣ, ಒಂದು ಪೂರ್ಣ ಹೊರೆಯ ಬಂಡವಾಳ, ಇಷ್ಟೂ ಕೂಡಿದ ಮೇಲೆ ಕೊಳ್ಳಿರಿ. ಅಲ್ಲಿಯವರೆಗೆ ಟೈಪ್-8ರಲ್ಲಿ ದುಡಿಯುವುದರಿಂದ ನಷ್ಟವೇನೂ ಇಲ್ಲ.

ನೌಕೆಯ ಒಳಗಿನ ಜೋಡಣೆಯಲ್ಲಿ ಮೊದಲು ಎದುರಾಗುವ ಆಸೆ ಹೊಡೆತ ತಡೆಯುವ ಶೀಲ್ಡ್ ತೆಗೆದುಹಾಕಿ ಅಲ್ಲಿಯೂ ರ‍್ಯಾಕ್ ಇಡುವುದು. ಐದನೆಯ ಗಾತ್ರದ ಖಾನೆ 32 ಟನ್ ಹಿಡಿಯುತ್ತದೆ, ಆರನೆಯದು 64. ಆರನೆಯ ಖಾನೆಯನ್ನೇ ಶೀಲ್ಡ್‌ಗೆ ಬಿಟ್ಟುಕೊಟ್ಟರೂ ಹೊರೆಯಲ್ಲಿ ಕಡಿಮೆಯಾಗುವುದು ಹನ್ನೆರಡರಲ್ಲಿ ಒಂದು ಪಾಲು. ಶೀಲ್ಡ್ ಇಲ್ಲದ ನೌಕೆ ಸ್ಟೇಷನ್ನಿನ ಬಾಗಿಲಿಗೆ ತಗುಲಿದರೂ ದುರಸ್ತಿಯ ಬಿಲ್ ಬರುತ್ತದೆ, ದರೋಡೆಕೋರ ಸಿಕ್ಕರೆ ಗಂಟೇ ಹೋಗುತ್ತದೆ. ಶೀಲ್ಡ್ ಇರಲೇಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಒಂದನೆಯ ಗಾತ್ರದ ಖಾನೆಯಲ್ಲಿ ನೌಕೆಯನ್ನು ತಾನೇ ಇಳಿಸುವ ಡಾಕಿಂಗ್ ಕಂಪ್ಯೂಟರ್ ಇಟ್ಟರೆ ಕೇವಲ 2 ಟನ್ ಜಾಗ ಹೋಗುತ್ತದೆ. ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಟೈಪ್-9 ತುಂಬಿದ ಹೊರೆಯೊಂದಿಗೆ ತೀರಾ ಕಡಿಮೆ ದೂರ ಜಿಗಿಯುವುದರಿಂದ, ನೌಕೆಯನ್ನು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಸುವ ಎಫ್‌ಎಸ್‌ಡಿ ಎಂಜಿನ್ನಿಗೆ ದೊರೆಯುವ ಅತ್ಯುತ್ತಮ ದರ್ಜೆಯದನ್ನು ಹಾಕಿಸಿ, ಡೆಸಿಯಾಟ್ ವ್ಯವಸ್ಥೆಯಲ್ಲಿರುವ ಫೆಲಿಸಿಟಿ ಫಾರ್ಸೀರ್ ಎಂಬ ಎಂಜಿನಿಯರ್ ಪಾತ್ರದ ಬಳಿ ಜಿಗಿತದ ದೂರ ಹೆಚ್ಚಿಸುವ ಮಾರ್ಪಾಡನ್ನು ಮಾಡಿಸಿಕೊಳ್ಳಿರಿ. ಗಾರ್ಡಿಯನ್ ಬೂಸ್ಟರ್ ಎಂಬ ಬಿಡಿಭಾಗದ ಐದನೆಯ ಗಾತ್ರ ಜಿಗಿತಕ್ಕೆ 10.5 ಜ್ಯೋತಿರ್ವರ್ಷ ಸೇರಿಸುತ್ತದೆ, ಆದರೆ 32 ಟನ್ ಜಾಗ ಕೇಳುತ್ತದೆ. ನಿಮ್ಮ ಮಾರ್ಗದಲ್ಲಿ ಅದರಿಂದ ಒಂದು ಜಿಗಿತವಾದರೂ ಉಳಿಯುವುದಾದರೆ ಇಡಿ, ಇಲ್ಲವಾದರೆ ಬೇಡ.

ಇನ್ನು ಮಾರ್ಗದ ಆಯ್ಕೆ. ನಿಜವಾದ ಸಂಪಾದನೆ ನಿರ್ಧಾರವಾಗುವುದು ಇಲ್ಲಿಯೇ. ಆಟದ ಮಾರುಕಟ್ಟೆಯ ಬೆಲೆಗಳನ್ನು ಆಟಗಾರರ ಕಂಪ್ಯೂಟರ್‌ಗಳಿಂದ ಸಂಗ್ರಹಿಸಿ ತೋರಿಸುವ ಇನಾರಾದಂಥ ತಾಣಗಳು ಇವೆ. ಅಲ್ಲಿ ನಿಮ್ಮ ನೌಕೆಯ ಹೊರೆ, ತುಂಬಿದ ನೌಕೆಯ ಜಿಗಿತದ ದೂರ, ದೊಡ್ಡ ಪ್ಯಾಡ್ ಬೇಕೆಂಬ ಷರತ್ತು ಕೊಟ್ಟರೆ ಮಾರ್ಗಗಳ ಪಟ್ಟಿ ಬರುತ್ತದೆ. ಈ ಬೆಲೆಗಳು ಆ ಸ್ಟೇಷನ್ನಿಗೆ ಕೊನೆಯ ಸಲ ಯಾರೋ ಹೋಗಿದ್ದಾಗಿನವು ಎಂಬುದನ್ನು ಮರೆಯಬಾರದು. ಕೊಡಗಿನ ಗೋಣಿಕೊಪ್ಪದಲ್ಲಿ ಸೋಮವಾರ ಕೇಳಿದ ರೋಬಸ್ಟಾ ಕಾಫಿ ಚೆರ್ರಿಯ ಚೀಲದ ದರವನ್ನು ನಂಬಿ ಗುರುವಾರ ಲಾರಿಗೆ ಚೀಲ ಏರಿಸುವ ಬೆಳೆಗಾರ ನಮ್ಮಲ್ಲಿ ಇಲ್ಲ. ಹೊರಡುವ ಮುಂಚೆ ಮತ್ತೊಮ್ಮೆ ಫೋನು ಮಾಡಿಯೇ ಹೊರಡುತ್ತಾನೆ. ಅದೇ ಎಚ್ಚರ ಇಲ್ಲಿಯೂ ಬೇಕು. ಬೆಲೆಯ ಪಕ್ಕದಲ್ಲಿ ಅದು ಎಷ್ಟು ಹೊತ್ತಿನ ಹಿಂದಿನದು ಎಂದು ಬರೆದಿರುತ್ತದೆ. ಕೆಲವೇ ಗಂಟೆಗಳ ಹಿಂದಿನದಾದರೆ ಹೊರಡಿ. ಎರಡು ಮೂರು ದಿನ ಹಳೆಯದಾದರೆ, ಅಂಕಿ ಎಷ್ಟೇ ಆಕರ್ಷಕವಾಗಿದ್ದರೂ ಬಿಟ್ಟುಬಿಡಿ.

ಬೆಲೆಯ ಜೊತೆಗೆ ಪ್ರಮಾಣವನ್ನೂ ನೋಡಬೇಕು. ಕೊಳ್ಳುವಲ್ಲಿ ದಾಸ್ತಾನು 700 ಟನ್‌ಗಿಂತ ಬಹಳ ಹೆಚ್ಚಿರಬೇಕು, ಮಾರುವಲ್ಲಿ ಬೇಡಿಕೆ ನಿಮ್ಮ ಹೊರೆಯ ನಾಲ್ಕು ಪಟ್ಟಾದರೂ ಇರಬೇಕು. ಬೇಡಿಕೆ ಸಣ್ಣದಿದ್ದರೆ, ಒಂದೇ ಸಲಕ್ಕೆ ದೊಡ್ಡ ಹೊರೆ ಸುರಿದವನಿಗೆ ಮಾರುಕಟ್ಟೆ ಟನ್ನಿನ ದರವನ್ನೇ ಇಳಿಸಿ ಕೊಡುತ್ತದೆ. ಸಣ್ಣ ನೌಕೆಯವರಿಗೆ ಈ ತೊಂದರೆ ತಿಳಿಯುವುದೇ ಇಲ್ಲ. ದೊಡ್ಡ ನೌಕೆಯವರು ಪ್ರತಿ ಸಲವೂ ನೋಡಿಕೊಳ್ಳಬೇಕಾದದ್ದು.

ಗಂಟೆಯ ಲೆಕ್ಕ ಎಂದರೇನು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಮಾರ್ಗದಲ್ಲಿ ಟನ್ನಿಗೆ 24,000 ಲಾಭ ಇದೆ, ಆದರೆ ಮಾರುವ ಸ್ಟೇಷನ್ ಜಿಗಿತ ಮುಗಿಯುವ ನಕ್ಷತ್ರದಿಂದ ಬಹಳ ದೂರ, ವಾಪಸು ಬರುವುದು ಖಾಲಿ, ಹೋಗಿಬರಲು 40 ನಿಮಿಷ ಎಂದಿಟ್ಟುಕೊಳ್ಳೋಣ. 700 ಟನ್‌ಗೆ 1.68 ಕೋಟಿ, ಗಂಟೆಗೆ 2.52 ಕೋಟಿ ಆಯಿತು. ಇನ್ನೊಂದರಲ್ಲಿ ಹೋಗುವಾಗ ಟನ್ನಿಗೆ 12,000, ಬರುವಾಗ ಬೇರೆ ಸರಕಿನಲ್ಲಿ 8,000, ಎರಡೂ ಸ್ಟೇಷನ್‌ಗಳು ನಕ್ಷತ್ರದ ಹತ್ತಿರ, ಒಟ್ಟು 20 ನಿಮಿಷ. ಇಲ್ಲಿ ಒಂದು ಸುತ್ತಿಗೆ 1.4 ಕೋಟಿ, ಗಂಟೆಗೆ 4.2 ಕೋಟಿ. ಟನ್ನಿನ ಲೆಕ್ಕದಲ್ಲಿ ಹಿಂದಿದ್ದ ಮಾರ್ಗ ಗಂಟೆಯ ಲೆಕ್ಕದಲ್ಲಿ ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಕೊಡುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಸ್ಟೇಷನ್ನಿನ ದೂರವನ್ನು ಬೆಳಕಿನ ಸೆಕೆಂಡುಗಳಲ್ಲಿ ಕೊಟ್ಟಿರುವ ಕಾಲಂ ನೋಡಿ, ಒಂದು ಸಾವಿರದ ಒಳಗಿನದನ್ನೇ ಆರಿಸಿಕೊಳ್ಳಿರಿ. ಜಿಗಿತ ಒಂದೋ ಎರಡೋ ಸಾಕು. ಆಲ್ಫಾ ಸೆಂಟಾರಿ ವ್ಯವಸ್ಥೆಯ ಹಟನ್ ಆರ್ಬಿಟಲ್ ಮುಖ್ಯ ನಕ್ಷತ್ರದಿಂದ 0.22 ಜ್ಯೋತಿರ್ವರ್ಷ ದೂರದಲ್ಲಿದ್ದು, ಒಂದೇ ವ್ಯವಸ್ಥೆಯೊಳಗೆ ವೇಗವಾಗಿ ಸಾಗುವ ವಿಧಾನವಾದ ಸಾಮಾನ್ಯ ಸೂಪರ್‌ಕ್ರೂಸ್‌ನಲ್ಲಿ ತಲುಪಲು ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. ಅಷ್ಟೂ ಹೊತ್ತು ಕಾದು ತಲುಪಿದರೂ ಅದು ಔಟ್‌ಪೋಸ್ಟ್ ಎಂಬ ಸಣ್ಣ ಸ್ಟೇಷನ್ ಆದುದರಿಂದ ದೊಡ್ಡ ಪ್ಯಾಡ್ ಇಲ್ಲ. ಟೈಪ್-9 ಅಲ್ಲಿ ಇಳಿಯುವುದೇ ಸಾಧ್ಯವಿಲ್ಲ. 2024ರಿಂದ ಸಿಗುವ ಸೂಪರ್‌ಕ್ರೂಸ್ ಓವರ್‌ಚಾರ್ಜ್ ಎಂಜಿನ್ ಇಂಥ ದೂರಗಳನ್ನು ಕಡಿಮೆ ಮಾಡುತ್ತದೆ ನಿಜ, ಆದರೆ ಹಳೆಯ ವಿನ್ಯಾಸದ ನೌಕೆಗಳಲ್ಲಿ ಅದು ಬಿಸಿ ಏರಿಸುತ್ತದೆ, ಇಂಧನವನ್ನೂ ಬೇಗ ಕುಡಿಯುತ್ತದೆ.

ಸರಕಿನ ವಿಷಯದಲ್ಲಿ ತಾಣ ಹೇಳಿದ್ದನ್ನು ಕಣ್ಣುಮುಚ್ಚಿ ಕೊಳ್ಳುವುದಕ್ಕಿಂತ ಆರ್ಥಿಕತೆಯ ಸರಪಳಿಯನ್ನು ಅರಿತಿರುವುದು ಒಳ್ಳೆಯದು. ಗಣಿ ಸ್ಟೇಷನ್‌ಗಳು ಬರ್ಟ್ರಂಡೈಟ್, ಇಂಡೈಟ್, ಗ್ಯಾಲೈಟ್‌ನಂಥ ಖನಿಜಗಳನ್ನು ಕೊಡುತ್ತವೆ, ಶುದ್ಧೀಕರಣದ ಸ್ಟೇಷನ್‌ಗಳು ಅವನ್ನು ಕೊಂಡು ಲೋಹ ಮಾರುತ್ತವೆ, ಕೈಗಾರಿಕಾ ಸ್ಟೇಷನ್‌ಗಳು ಲೋಹ ಕೊಂಡು ಯಂತ್ರ ಮಾರುತ್ತವೆ, ಕೃಷಿ ಸ್ಟೇಷನ್‌ಗಳು ಇವರೆಲ್ಲರಿಗೂ ಆಹಾರ ಒದಗಿಸುತ್ತವೆ. ಇದು ತಿಳಿದಿದ್ದರೆ ವಾಪಸಿನ ಹೊರೆಗೆ ಏನು ಹುಡುಕಬೇಕು ಎಂಬುದು ಪಟ್ಟಿ ನೋಡುವ ಮೊದಲೇ ಗೊತ್ತಾಗುತ್ತದೆ. ಕೊಡಗಿನವರ ಕಣ್ಣಿಗೆ ಆಹಾರದ ವಿಭಾಗದಲ್ಲಿ ಕಾಫಿ ಬೀಳದೆ ಇರುವುದಿಲ್ಲ. ಅಲ್ಲಿ ಅದರ ದರ ಟನ್ನಿಗೆ ಎರಡು ಸಾವಿರ ಕ್ರೆಡಿಟ್‌ಗೂ ಕಡಿಮೆ, ಆದುದರಿಂದ ಪ್ರೀತಿಯಿಂದ ಒಂದು ಸಲ ಹೊತ್ತುಕೊಂಡು ಹೋಗಬಹುದೇ ಹೊರತು ದೊಡ್ಡ ನೌಕೆಯ ಹೊರೆಗೆ ಅದು ತಕ್ಕದ್ದಲ್ಲ. ಚಿನ್ನ, ಬೆಳ್ಳಿ, ಪಲ್ಲಾಡಿಯಂನಂಥ ದುಬಾರಿ ಸರಕಿನಲ್ಲಿಯೇ 700 ಟನ್ನಿನ ಬಲ ಕಾಣುವುದು. ಅಪರೂಪದ ಸರಕುಗಳೆಂದು ಪ್ರತ್ಯೇಕವಾಗಿ ಸಿಗುವವು ಒಂದು ಸಲಕ್ಕೆ ಕೆಲವೇ ಟನ್ ಕೊಡುವುದರಿಂದ ಸಣ್ಣ ನೌಕೆಯವರಿಗೇ ಇರಲಿ.

ಸ್ಟೇಷನ್ನಿಗೆ ಇಳಿಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಟೈಪ್-9ರಲ್ಲಿ ಸಮಯ ಸೋರುವುದು ಹೆಚ್ಚಾಗಿ ಅಲ್ಲಿಯೇ. ಸ್ಟೇಷನ್ನಿಗೆ 7.5 ಕಿಲೋಮೀಟರ್ ಒಳಗೆ ಬಂದ ತಕ್ಷಣ ಎಡ ಫಲಕದಿಂದ ಇಳಿಯಲು ಅನುಮತಿ ಕೇಳಿರಿ. ತಿರುಗುತ್ತಿರುವ ಸ್ಟೇಷನ್ನಿನ ಬಾಗಿಲು ಅಂಚೆಪೆಟ್ಟಿಗೆಯ ಬಾಯಿಯಂತೆ ಉದ್ದಕ್ಕೆ ತೆರೆದಿರುತ್ತದೆ. ಒಳಗೆ ಹೋಗುವವರಿಗೆ ಹಸಿರು ದೀಪಗಳು ಬಲಗಡೆ ಇರಬೇಕು. ಟೈಪ್-9ಕ್ಕೆ ಆ ಬಾಗಿಲಿನಲ್ಲಿ ಮೇಲೂ ಕೆಳಗೂ ಉಳಿಯುವ ಜಾಗ ಬಹಳ ಕಡಿಮೆ. ಬಾಗಿಲಿನ ನೇರಕ್ಕೆ ದೂರದಲ್ಲಿಯೇ ಬಂದು ನಿಂತು, ಬಾಗಿಲಿನ ಓರೆಗೆ ನೌಕೆಯನ್ನು ಹೊಂದಿಸಿಕೊಂಡು, ಆಮೇಲೆ ಮುಂದಕ್ಕೆ ನಡೆಸಬೇಕು; ಹತ್ತಿರ ಬಂದ ಮೇಲೆ ತಿದ್ದಲು ಹೊರಟರೆ ಭಾರವಾದ ನೌಕೆ ಕೈಗೆ ಬರುವಷ್ಟರಲ್ಲಿ ಬಾಗಿಲು ಮೇಲೆ ಬಿದ್ದಿರುತ್ತದೆ. ವೇಗ ಸೆಕೆಂಡಿಗೆ 100 ಮೀಟರ್ ಮೀರಿದ್ದಾಗ ಯಾರಿಗಾದರೂ ತಗುಲಿದರೆ ದಂಡ, ಪ್ರಾಣಹಾನಿಯಾದರೆ ಅದಕ್ಕಿಂತ ದೊಡ್ಡ ಶಿಕ್ಷೆ. ಒಳಗೆ ನುಗ್ಗಿದ ಮೇಲೆ ನಿಮ್ಮ ಪ್ಯಾಡ್ ಸಂಖ್ಯೆ ಗಾಳಿಯಲ್ಲಿ ಹೊಳೆಯುತ್ತದೆ, ನೌಕೆಯ ಕಾಲುಗಳನ್ನು (ಲ್ಯಾಂಡಿಂಗ್ ಗೇರ್) ಇಳಿಸಿದರೆ ಫಲಕದ ಮಧ್ಯದ ಚಿತ್ರ ಪ್ಯಾಡ್‌ಗೆ ನೌಕೆ ಎಷ್ಟು ಓರೆಯಾಗಿದೆ ಎಂದು ತೋರಿಸುತ್ತದೆ. ಡಾಕಿಂಗ್ ಕಂಪ್ಯೂಟರ್ ಇದೆಲ್ಲವನ್ನೂ ತಾನೇ ಮಾಡುತ್ತದೆ, ಆದರೂ ಕೈಯಿಂದ ಇಳಿಸುವುದನ್ನು ಕಲಿತವರು ಪ್ರತಿ ಸುತ್ತಿನಲ್ಲಿಯೂ ಸ್ವಲ್ಪ ಸಮಯ ಉಳಿಸಿಕೊಳ್ಳುತ್ತಾರೆ.

ದರೋಡೆಕೋರರು ಸೂಪರ್‌ಕ್ರೂಸ್‌ನಿಂದ ಎಳೆದುಹಾಕಲು ಬಂದಾಗ ಟೈಪ್-9ರಲ್ಲಿ ಸೆಣಸುವುದು ಬೇಡ. ವೇಗವನ್ನು ಸೊನ್ನೆಗೆ ಇಳಿಸಿ ಶರಣಾದಂತೆ ಹೊರಬಂದರೆ ನೌಕೆಗೆ ಹಾನಿ ಆಗುವುದಿಲ್ಲ, ಎಂಜಿನ್ ಕೂಡ ಬೇಗ ಮತ್ತೆ ಸಿದ್ಧವಾಗುತ್ತದೆ. ಹೊರಬಂದ ಕೂಡಲೇ ಶಕ್ತಿಯನ್ನು ಶೀಲ್ಡ್ ಕಡೆಗೆ ತಿರುಗಿಸಿ, ಬೇರೊಂದು ನಕ್ಷತ್ರ ವ್ಯವಸ್ಥೆಯನ್ನು ಗುರಿ ಮಾಡಿ ಜಿಗಿಯಿರಿ. ಅದೇ ವ್ಯವಸ್ಥೆಯೊಳಗೆ ತಪ್ಪಿಸಿಕೊಳ್ಳಲು ನೋಡಿದರೆ ಹತ್ತಿರದ ಭಾರಿ ನೌಕೆಯ ತೂಕ ಎಂಜಿನ್ನನ್ನು ನಿಧಾನಗೊಳಿಸೀತು, ಬೇರೆ ವ್ಯವಸ್ಥೆಗೆ ಜಿಗಿಯುವಾಗ ಈ ಅಡ್ಡಿ ಇಲ್ಲ. ಆ ಗುರಿಯನ್ನು ಹೊರಡುವಾಗಲೇ ಆರಿಸಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.

ಕೊಡಗಿನಲ್ಲಿ ಕುಳಿತು ಆಡುವವರು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಆಟ ಒಬ್ಬರೇ ಆಡುವ ಸೋಲೋ ವಿಧಾನದಲ್ಲಿಯೂ ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲ, ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳಲಾಗದ ದಿನಗಳು ಇಲ್ಲಿ ಬಹಳ. ಎಲ್ಲರೊಡನೆ ಆಡುವ ಓಪನ್ ವಿಧಾನದಲ್ಲಿ ಆಟಗಾರರ ಕಂಪ್ಯೂಟರ್‌ಗಳು ನೇರವಾಗಿ ಒಂದಕ್ಕೊಂದು ಸಂಪರ್ಕಿಸುವುದರಿಂದ ದುರ್ಬಲ ಸಂಪರ್ಕ ಬೇಗ ಕಾಡುತ್ತದೆ. ಸೋಲೋದಲ್ಲಿ ಆ ಹೊರೆ ಇಲ್ಲ, ಬೇರೆ ಆಟಗಾರರ ದಾಳಿಯೂ ಇಲ್ಲ, ಮಾರುಕಟ್ಟೆ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಮಳೆಗಾಲದಲ್ಲಿ ಸೋಲೋವನ್ನೇ ಆರಿಸಿಕೊಳ್ಳಿರಿ. ಸಾಗಣೆಯ ಗುತ್ತಿಗೆಗಳಾದ ಮಿಷನ್‌ಗಳಿಗೆ ಇರುವ ಗಡುವು ನೀವು ಆಟದಿಂದ ಹೊರಗಿದ್ದಾಗಲೂ ಓಡುತ್ತಲೇ ಇರುತ್ತದೆ, ಆದುದರಿಂದ ಈ ತಿಂಗಳುಗಳಲ್ಲಿ ಗಡುವಿಲ್ಲದ ನೇರ ವ್ಯಾಪಾರವೇ ಕ್ಷೇಮ. ಸುತ್ತು ಚಿಕ್ಕದಾಗಿರಲಿ, ಗಾಳಿ ಜೋರಾದಾಗ ತುಂಬಿದ ಹೊರೆಯನ್ನು ಮಾರಿಯೇ ಆಟ ನಿಲ್ಲಿಸಿರಿ, ಏಕೆಂದರೆ ಮರುದಿನ ಬರುವಷ್ಟರಲ್ಲಿ ಬೇಡಿಕೆ ಇಳಿದಿರಬಹುದು. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಕಣ್ಣುಮಿಟುಕಿಸುವಂಥ ಕಡಿತಗಳಿಗೆ ಆಟ ಕತ್ತರಿಸಿಹೋಗುವುದಿಲ್ಲ.

ಟೈಪ್-9ರಲ್ಲಿ ಕೈಗೆ ಹಣ ಬಂದ ಮೇಲೆ ಮುಂದೇನು ಎಂಬ ಪ್ರಶ್ನೆ ಬರುತ್ತದೆ. ಇಂಪೀರಿಯಲ್ ಕಟರ್ ವೇಗವಾಗಿಯೂ ಗಟ್ಟಿಯಾಗಿಯೂ ಇದೆ, ಹೊರೆ ಹೆಚ್ಚುಕಡಿಮೆ ಟೈಪ್-9ರಷ್ಟೇ. ಅದನ್ನು ಕೊಳ್ಳಲು ಆಟದೊಳಗಿನ ಸಾಮ್ರಾಜ್ಯದ ನೌಕಾಪಡೆಯಲ್ಲಿ ಡ್ಯೂಕ್ ಪದವಿ ಬೇಕು, ಬೆಲೆ 20 ಕೋಟಿಗೂ ಹೆಚ್ಚು. 2025ರಲ್ಲಿ ಬಂದ ಪ್ಯಾಂಥರ್ ಕ್ಲಿಪ್ಪರ್ ಮಾರ್ಕ್-2 ಸಾವಿರದ ಇನ್ನೂರು ಟನ್‌ಗೂ ಹೆಚ್ಚು ಹೊರುವುದರಿಂದ ಶುದ್ಧ ವ್ಯಾಪಾರಕ್ಕೆ ಅದನ್ನೇ ನಾನು ಮುಂದಿಡುತ್ತೇನೆ, ಆದರೆ ಅದಕ್ಕೆ ಬೇಡಿಕೆಯ ಅಂಕಿಯೂ ಅಷ್ಟೇ ದೊಡ್ಡದಿರುವ ಮಾರುಕಟ್ಟೆ ಹುಡುಕಬೇಕಾಗುತ್ತದೆ. ಆಟಗಾರರ ಸ್ವಂತ ಸಂಚಾರಿ ಸ್ಟೇಷನ್‌ಗಳಂತಿರುವ ವಾಹಕ ನೌಕೆಗಳು (ಫ್ಲೀಟ್ ಕ್ಯಾರಿಯರ್) ಕೆಲವೊಮ್ಮೆ ಸ್ಟೇಷನ್ನಿಗಿಂತ ಹೆಚ್ಚಿನ ದರಕ್ಕೆ ಕೊಳ್ಳುವ ಆದೇಶ ಹಾಕಿರುತ್ತವೆ, ಅಂಥ ಸಂದರ್ಭ ಸಿಕ್ಕರೆ ಬಿಡಬೇಡಿ. ಸ್ವಂತ ವಾಹಕ ನೌಕೆಗೆ 500 ಕೋಟಿ ಬೇಕು. ಅದು 25,000 ಟನ್ ಹಿಡಿಯುತ್ತದೆ, ಒಂದೇ ಜಿಗಿತಕ್ಕೆ 500 ಜ್ಯೋತಿರ್ವರ್ಷ ಹೋಗುತ್ತದೆ, ಆದರೆ ಯಾವ ಸೇವೆಯನ್ನೂ ಸೇರಿಸದಿದ್ದರೂ ವಾರಕ್ಕೆ 50 ಲಕ್ಷ ನಿರ್ವಹಣೆಯ ಖರ್ಚು ಕೇಳುತ್ತದೆ, ಅಂದರೆ ವರ್ಷಕ್ಕೆ 26 ಕೋಟಿ. ಸಾಲ ಬೆಳೆದರೆ ವಾಹಕವನ್ನೇ ಕಳಚಿಹಾಕುತ್ತಾರೆ. ಆದುದರಿಂದ 500 ಕೋಟಿ ತುಂಬಿದ ಮೇಲೂ ಎರಡು ವರ್ಷದ ನಿರ್ವಹಣೆಗೆ 52 ಕೋಟಿ, ಟ್ರಿಟಿಯಂ ಇಂಧನಕ್ಕೆ ಒಂದಷ್ಟು, ಹೀಗೆ ಬೇರೆಯಾಗಿ ತೆಗೆದಿಟ್ಟು, ಆ ಹಣವನ್ನು ಕೊಂಡ ದಿನವೇ ವಾಹಕದ ಖಾತೆಗೆ ವರ್ಗಾಯಿಸಿಬಿಡಿ.